ಒಂದೇ ಪಾಠ, ನಾಲ್ಕು ಬಗೆಯ ಸಂಬಳ

ಶಿಕ್ಷಕರ ಸಂಬಳದ ಬಗ್ಗೆ ಪಡೀಲ್ ಮತ್ತು ಸುತ್ತಮುತ್ತಲಿನ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಸೇವಾನಿಯಮ ಅಂಕಣಕಾರರ ಉತ್ತರ ಇಲ್ಲಿದೆ. ಬರೆದವರ ಹೆಸರನ್ನೂ ಶಾಲೆಗಳ ಹೆಸರನ್ನೂ ಬಿಟ್ಟಿದ್ದೇವೆ.

ನಾನು ಪಡೀಲ್ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಡಿ.ಎಡ್. ಆಗಿದೆ, ಟಿಇಟಿಯೂ ಪಾಸಾಗಿದೆ. ತಿಂಗಳಿಗೆ 12,000 ರೂಪಾಯಿ ಗೌರವಧನ. ಅದು ಕೂಡ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದು. ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ಪಕ್ಕದ ಕ್ಲಾಸಿನ ಟೀಚರ್ ಮಾಡುವ ಪಾಠವನ್ನೇ ನಾನೂ ಮಾಡುವುದು. ನಮ್ಮ ಮನೆ ಎದುರಿನ ಅಕ್ಕ ಬೀಡಿ ಕಟ್ಟುತ್ತಾರೆ. ಮೊನ್ನೆ ‘ನಿಂಗೆ ಪಿಎಫ್ ಉಂಟಾ?’ ಅಂತ ಕೇಳಿದರು. ಅವರಿಗೆ ಉಂಟು, ನನಗಿಲ್ಲ. ಇದು ನ್ಯಾಯವಾ? ಕೋರ್ಟಿಗೆ ಹೋದರೆ ಪ್ರಯೋಜನ ಉಂಟಾ?
– ಅತಿಥಿ ಶಿಕ್ಷಕಿ, ಪಡೀಲ್

ನ್ಯಾಯವಲ್ಲ. ಕೋರ್ಟಿನ ವಿಷಯ ಆಮೇಲೆ, ಮೊದಲು ಲೆಕ್ಕ ನೋಡೋಣ.

ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಒಂದರಿಂದ ಐದನೇ ತರಗತಿಗೆ ನೇಮಕವಾಗುವ ಕಾಯಂ ಶಿಕ್ಷಕಿಯ ಮೂಲವೇತನ ಶುರುವಾಗುವುದೇ 41,300 ರೂಪಾಯಿಯಿಂದ. ಆರರಿಂದ ಎಂಟನೇ ತರಗತಿಯ ಪದವೀಧರ ಶಿಕ್ಷಕರಿಗೆ 44,425, ಪ್ರೌಢಶಾಲೆಯ ಸಹ ಶಿಕ್ಷಕರಿಗೆ 54,175. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಇದರ ಮೇಲೆ. ನಿಮ್ಮ ಗೌರವಧನ 2025ರ ಬಜೆಟ್ಟಿನಲ್ಲಿ 2,000 ಏರಿದ ಮೇಲೂ 12,000. ಪ್ರೌಢಶಾಲೆಯ ಅತಿಥಿಗಳಿಗೆ ಅದಕ್ಕಿಂತ 500 ಹೆಚ್ಚು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಕಾಯಂ ಶಿಕ್ಷಕಿಯ ಬರೀ ಮೂಲವೇತನದ ಮೂರನೇ ಒಂದು ಪಾಲೂ ಇದಲ್ಲ.

ರಜೆಯಲ್ಲಿ ಯಾರಾದರೂ ಹೆರಿಗೆಗೋ ತರಬೇತಿಗೋ ಹೋದಾಗ ನಾಲ್ಕು ದಿನ ಬಂದು ಹೋಗುವವರಿಗೆ ಇಷ್ಟು ಕೊಟ್ಟರೆ ಮಾತು ಬೇರೆ. ಆದರೆ 2025–26ನೇ ಸಾಲಿಗೆ ರಾಜ್ಯ ಸರ್ಕಾರ ಮಂಜೂರು ಮಾಡಿದ ಅತಿಥಿ ಶಿಕ್ಷಕರ ಸಂಖ್ಯೆ 51,000. ಪ್ರಾಥಮಿಕಕ್ಕೆ 40,000, ಪ್ರೌಢಶಾಲೆಗೆ 11,000. ಇಷ್ಟು ಜನರನ್ನು ವರ್ಷ ವರ್ಷವೂ ಜೂನ್‌ನಲ್ಲಿ ಕರೆದು ಮಾರ್ಚ್ ಮುಗಿದ ಮೇಲೆ ಕಳಿಸುವುದನ್ನು ತಾತ್ಕಾಲಿಕ ಏರ್ಪಾಡು ಎನ್ನಲಾಗದು. ಇದು ಉಳಿತಾಯದ ಯೋಜನೆ.

ತಲಪಾಡಿ ದಾಟಿ ಮಂಜೇಶ್ವರದ ಕಡೆ ಒಂದು ಕನ್ನಡ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯಾದರೆ ಕೇರಳ ಸರ್ಕಾರ ದಿನದ ಲೆಕ್ಕದಲ್ಲಿ ಕೊಡುವುದು 900 ರೂಪಾಯಿಗೂ ಮೇಲೆ. ಹದಿನಾಲ್ಕು ದಿನ ದುಡಿದರೆ ನಿಮ್ಮ ಒಂದು ತಿಂಗಳ ಗೌರವಧನ ದಾಟುತ್ತದೆ. ಅದೇ ಭಾಷೆ, ಅದೇ ವಯಸ್ಸಿನ ಮಕ್ಕಳು. ಮಂಗಳೂರು ಜಂಕ್ಷನ್ನಿನಿಂದ ರೈಲು ಹತ್ತಿದರೆ ದಾರಿಯೂ ದೂರವಿಲ್ಲ.

ಇನ್ನು ಕೋರ್ಟು. ಎರಡು ವಿಷಯವನ್ನು ಬೇರೆ ಬೇರೆ ಇಟ್ಟುಕೊಳ್ಳಿ: ಕಾಯಂ ಆಗುವುದು ಒಂದು, ಸರಿಯಾದ ಸಂಬಳ ಪಡೆಯುವುದು ಇನ್ನೊಂದು. ಕಾಯಮಾತಿ ಕೇಳಿದರೆ ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣ ಅಡ್ಡ ಬರುತ್ತದೆ. ನೇಮಕಾತಿಯ ಕ್ರಮದಲ್ಲಿ ಬಾರದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರ ಏಪ್ರಿಲ್‌ನಲ್ಲಿ ಹೇಳಿದೆ. ಸಂಬಳದ ವಿಷಯದಲ್ಲಿ ದಾರಿ ಅಷ್ಟು ಮುಚ್ಚಿಲ್ಲ. 2016ರ ಅಕ್ಟೋಬರ್‌ನ ಜಗಜಿತ್ ಸಿಂಗ್ ತೀರ್ಪು, ಅದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಮೊತ್ತ ಸಿಗಬೇಕು ಎಂದಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಅಧ್ಯಾಪಕರ ಪ್ರಕರಣ ಬಂತು. ಅಲ್ಲಿ ಗುತ್ತಿಗೆಯವರಿಗೆ 30,000, ಅದೇ ಪಾಠ ಮಾಡುವ ಕಾಯಂನವರಿಗೆ 1.36 ಲಕ್ಷ ರೂಪಾಯಿ. ಸಮಾರಂಭಗಳಲ್ಲಿ ಗುರುವನ್ನು ಬ್ರಹ್ಮ, ವಿಷ್ಣು ಎಂದು ಸ್ತುತಿಸಿ ಕೈಗೆ ಇಷ್ಟು ಕಡಿಮೆ ಕೊಟ್ಟರೆ ಸಾಲದು ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ ಆಗ ಬರೆಯಿತು. ವೇತನಶ್ರೇಣಿಯ ಕನಿಷ್ಠ ಮೊತ್ತವನ್ನೂ ಬಾಕಿಯನ್ನೂ ಬಡ್ಡಿ ಸಮೇತ ಕೊಡಲು ಹೇಳಿತು.

ಇದರಿಂದ ನಾಳೆಯೇ ನಿಮಗೆ 41,300 ಸಿಗುತ್ತದೆ ಎಂದು ತಿಳಿಯಬೇಡಿ. ಸರ್ಕಾರದ ವಕೀಲರು ನಿಮ್ಮ ಆಯ್ಕೆ ಶಾಲಾ ಮಟ್ಟದಲ್ಲಿ ಆದದ್ದು, ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ ಆದದ್ದು ಎಂದು ವಾದಿಸುತ್ತಾರೆ. ಒಬ್ಬರೇ ಹೋಗಬೇಡಿ. ತಾಲೂಕಿನ ಅತಿಥಿ ಶಿಕ್ಷಕರು ಒಟ್ಟಾಗಿ, ಸೇವಾ ಪ್ರಕರಣ ನಡೆಸುವ ವಕೀಲರ ಮೂಲಕ ಹೋಗಿ. ಪ್ರತಿ ವರ್ಷದ ಆಯ್ಕೆ ಆದೇಶ, ಹಾಜರಿ ಪುಸ್ತಕದ ನಕಲು, ನಿಮಗೆ ಹಂಚಿದ ವೇಳಾಪಟ್ಟಿ ಇವು ಮೂರನ್ನು ಈಗಿನಿಂದಲೇ ಜೋಪಾನ ಮಾಡಿ.

ಕೋರ್ಟಿನ ಹೊರಗೆ ಹೋರಾಟದ ದಾರಿಯೂ ಇದೆ. ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರು 2023ರ ನವೆಂಬರ್‌ನಿಂದ ತರಗತಿ ಬಿಟ್ಟು ಬೀದಿಗಿಳಿದರು. ಮುಂದಿನ ಜನವರಿಯಲ್ಲಿ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿವರೆಗೆ ಏರಿಕೆ ಘೋಷಣೆಯಾಯಿತು, ದೀರ್ಘ ಸೇವೆ ಮಾಡಿ 60 ವರ್ಷ ಮುಗಿಸಿದವರಿಗೆ 5 ಲಕ್ಷದ ಇಡಿಗಂಟೂ ಬಂತು. ಶಾಲೆಯ ಅತಿಥಿಗಳು ಊರಿಗೊಬ್ಬರಂತೆ ಚದುರಿ ಹೋಗಿದ್ದಾರೆ, ಹೆಚ್ಚಿನವರು ಮನೆಯ ಹೊಣೆಯಿರುವ ಹೆಂಗಸರು. ಹಾಗಾಗಿ ಅವರ ಸದ್ದು ವಿಧಾನಸೌಧದವರೆಗೆ ಮುಟ್ಟುವುದಿಲ್ಲ ಎಂಬುದು ನನ್ನ ಅನಿಸಿಕೆ. ಜಿಲ್ಲಾಧಿಕಾರಿ ಕಚೇರಿಯ ಪ್ರಜಾಸೌಧ 2025ರ ಮೇ ತಿಂಗಳಿಂದ ನಿಮ್ಮ ಪಡೀಲಿನಲ್ಲೇ ಇದೆ. ಮನವಿ ಕೊಡಲು ಹಳೆ ಕಚೇರಿಯಿದ್ದ ಸ್ಟೇಟ್‌ಬ್ಯಾಂಕಿಗೆ ಬಸ್ಸು ಹತ್ತುವ ಕೆಲಸವಾದರೂ ತಪ್ಪಿತು.

ಹನ್ನೊಂದು ವರ್ಷ ಒಂದು ಖಾಸಗಿ ಆಂಗ್ಲ ಮಾಧ್ಯಮ ಶಾಲೆಯಲ್ಲಿ ಕಲಿಸಿ ಈಗ ಬಿಡುತ್ತಿದ್ದೇನೆ. ಕೊನೆಯ ಸಂಬಳ 14,000. ಎರಡು ವರ್ಷ ಬ್ಯಾಂಕಿಗೆ ಹಾಕಿದ ಸಂಬಳದಲ್ಲಿ ಸ್ವಲ್ಪ ತೆಗೆದು ಆಫೀಸಿಗೆ ವಾಪಸ್ ಕೊಡಬೇಕಿತ್ತು. ನೇಮಕಾತಿ ಆದೇಶ ಕೊಟ್ಟಿಲ್ಲ. ಗ್ರಾಚ್ಯುಟಿ ಕೇಳಿದರೆ ‘ಟೀಚರ್‌ಗಳಿಗೆ ಅದೆಲ್ಲ ಇಲ್ಲ’ ಎಂದರು. ನಿಜವೇ? ಕನಿಷ್ಠ ವೇತನವಾದರೂ ನಮಗೆ ಇಲ್ಲವೇ?
– ಒಬ್ಬ ಶಿಕ್ಷಕಿ, ಬಜಾಲ್

ಗ್ರಾಚ್ಯುಟಿ ಇಲ್ಲ ಎಂದದ್ದು ಸುಳ್ಳು. ಅದು ಹಳೆಯ ಕತೆ. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರು ಗ್ರಾಚ್ಯುಟಿ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತ್ತು. ಸಂಸತ್ತು 2009ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಶಿಕ್ಷಕರಿಗೆ ಅನ್ವಯಿಸಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈಗ ಆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಕೊಂಡಿದ್ದರೂ ವರ್ಷಕ್ಕೆ 15 ದಿನಗಳ ಸಂಬಳ ಎಂಬ ಲೆಕ್ಕ ಹಾಗೆಯೇ ಇದೆ. ನಿಮ್ಮ 14,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 11 ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 88,800 ರೂಪಾಯಿ. ಆಡಳಿತ ಮಂಡಳಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ದೂರು ಕೊಡಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುವುದು.

ಪಿಎಫ್ ಬಗ್ಗೆ ನೀವು ಬರೆದಿಲ್ಲ, ಆದರೆ ಅದೇ ಮುಖ್ಯ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಶಾಲೆ ಪಿಎಫ್ ಕಟ್ಟಲೇಬೇಕು, 15,000ದೊಳಗಿನ ಸಂಬಳದವರನ್ನು ಸೇರಿಸಲೇಬೇಕು. ಆಯಾ, ಬಸ್ ಚಾಲಕ, ಗುಮಾಸ್ತ ಎಲ್ಲರೂ ಈ ಎಣಿಕೆಯಲ್ಲಿ ಬರುತ್ತಾರೆ. ನಿಮ್ಮ ಯುಎಎನ್ ಹಾಕಿ ಪಾಸ್‌ಬುಕ್ ನೋಡಿ. ಹತ್ತು ವರ್ಷದ ವಂತಿಗೆ ಪೂರ್ತಿಯಾಗಿದ್ದರೆ 58ಕ್ಕೆ ಪಿಂಚಣಿಯ ಹಕ್ಕು ಇದೆ. ನಡುವೆ ವರ್ಷಗಟ್ಟಲೆ ಕಟ್ಟದೆ ಬಿಟ್ಟಿದ್ದರೆ ಆ ಹಕ್ಕೇ ತಪ್ಪಿಹೋಗಬಹುದು. ಹಾಗಾಗಿ ಗ್ರಾಚ್ಯುಟಿಗಿಂತ ಮೊದಲು ಇದನ್ನು ನೋಡಿಕೊಳ್ಳಿ.

ನೇಮಕಾತಿ ಆದೇಶವಿಲ್ಲ ಎಂದು ಹೆದರಬೇಡಿ. ಬ್ಯಾಂಕಿನ ಪಟ್ಟಿ, ಅಂಕಪಟ್ಟಿಗಳಲ್ಲಿ ನಿಮ್ಮ ಸಹಿ, ಶಾಲೆಯ ವಾಟ್ಸ್‌ಆ್ಯಪ್ ಗುಂಪಿನ ಸೂಚನೆಗಳು, ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯೂ ಸಾಕ್ಷಿಯೇ. ವಾಪಸ್ ಕೊಟ್ಟ ಹಣಕ್ಕೆ ರಸೀದಿ ಇರುವುದಿಲ್ಲ. ಆದರೆ ಪ್ರತಿ ತಿಂಗಳೂ ಸಂಬಳ ಬಿದ್ದ ಮರುದಿನ ಒಂದೇ ಮೊತ್ತ ತೆಗೆದದ್ದು ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ನಿಮ್ಮ ಸಹೋದ್ಯೋಗಿಗಳ ಪಾಸ್‌ಬುಕ್ಕಿನಲ್ಲೂ ಅದೇ ಕಂಡರೆ ಅದು ಬರೀ ಕಾಕತಾಳೀಯ ಎಂದು ಯಾವ ಅಧಿಕಾರಿಯೂ ನಂಬಲಾರ.

ಕನಿಷ್ಠ ವೇತನದ ಪ್ರಶ್ನೆಗೆ ಮಾತ್ರ ನನ್ನಲ್ಲಿ ನಿಮಗೆ ಸಮಾಧಾನ ಕೊಡುವ ಉತ್ತರವಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಶಿಕ್ಷಕರು ಕಾರ್ಮಿಕರಲ್ಲ ಎಂದು 1988ರಲ್ಲಿ ಗೋವಾದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕನಿಷ್ಠ ವೇತನ ಕಾಯ್ದೆಯೂ ಅವರಿಗೆ ಅನ್ವಯಿಸದು ಎಂದು 1996ರಲ್ಲಿ ಹರಿಯಾಣದ ಪ್ರಕರಣದಲ್ಲಿ ಹೇಳಿತು. ಪಾಠ ಹೇಳುವುದು ಕೂಲಿಯಲ್ಲ, ಪವಿತ್ರ ಕಾರ್ಯ ಎಂಬ ಗೌರವ ಆ ತೀರ್ಪುಗಳ ಹಿಂದೆ ಇತ್ತು. ಆ ಗೌರವದ ಬೆಲೆಯನ್ನು ನೀವು ಹನ್ನೊಂದು ವರ್ಷ ಕಟ್ಟಿದ್ದೀರಿ. ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟೇ ಎಂಬ ಕನಿಷ್ಠ ಕೂಲಿ ಇದೆ, ಟೀಚರಿಗೆ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ‘ನೌಕರ’ ಎಂಬುದರ ವ್ಯಾಖ್ಯೆ ಹಿಂದಿನದಕ್ಕಿಂತ ವಿಶಾಲವಾಗಿದೆ. ಶಿಕ್ಷಕರು ಅದರೊಳಗೆ ಬರುತ್ತಾರೆಂದು ವಾದಿಸಲು ಈಗ ಜಾಗ ಸಿಕ್ಕಿದೆ. ಶಿಕ್ಷಕರ ಸಂಘಗಳು ಅದನ್ನು ಬಳಸಬೇಕು.

ಇನ್ನೊಂದು: ನೀವಾಗಿ ಬಿಡುತ್ತಿದ್ದೀರಿ ಎಂದುಕೊಂಡಿದ್ದೇನೆ. ಅವರೇ ತೆಗೆದುಹಾಕಿದ್ದಾದರೆ, ಮತ್ತು ಶಾಲೆ ರಾಜ್ಯ ಪಠ್ಯಕ್ರಮದ್ದಾದರೆ, ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಂತೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲಾ ನ್ಯಾಯಾಧೀಶರೇ ಕೇಳುವ ನ್ಯಾಯಮಂಡಳಿ ಅದು. ಅವಧಿ ಮೂರು ತಿಂಗಳು ಮಾತ್ರ, ಆಮೇಲೆ ಪರಿತಪಿಸಿ ಪ್ರಯೋಜನವಿಲ್ಲ.

ಪಡೀಲ್ ಜಂಕ್ಷನ್ನಿನಲ್ಲಿ ರಿಕ್ಷಾ ಓಡಿಸುತ್ತೇನೆ. ಮಗಳ ಶಾಲೆಯ ಫೀಸು ವರ್ಷಕ್ಕೆ 42,000. ಕ್ಲಾಸಿನಲ್ಲಿ 38 ಮಕ್ಕಳು. ಅವಳ ಕ್ಲಾಸ್ ಟೀಚರ್ ಒಂದು ದಿನ ನನ್ನ ರಿಕ್ಷಾದಲ್ಲಿ ಬಂದರು. ಮಾತಿಗೆ ಮಾತು ಬಂದು 16,000 ಸಂಬಳ ಅಂದರು. ನನಗೇ ನಾಚಿಕೆಯಾಯಿತು ಮಾರಾಯ್ರೆ. ಹಾಗಾದರೆ ನಾವು ಕೊಡುವ ದುಡ್ಡು ಎಲ್ಲಿಗೆ ಹೋಗುವುದು?
– ಒಬ್ಬ ತಂದೆ, ಪಡೀಲ್

ನಾಚಿಕೆ ಆಗಬೇಕಾದವರು ನೀವಲ್ಲ. ನಿಮ್ಮದೇ ಅಂಕಿಯನ್ನು ಹಿಡಿದು ಲೆಕ್ಕ ಹಾಕಿದರೆ ಆ ಒಂದು ತರಗತಿಯಿಂದ ವರ್ಷಕ್ಕೆ ಬರುವುದು 15.96 ಲಕ್ಷ. ಕ್ಲಾಸ್ ಟೀಚರಿನ ವರ್ಷದ ಸಂಬಳ 1.92 ಲಕ್ಷ. ಆಟ, ಕಂಪ್ಯೂಟರ್, ಹಿಂದಿ, ಸಂಗೀತ ಎಲ್ಲ ಸೇರಿಸಿ ತರಗತಿಗೆ ಇಬ್ಬರು ಶಿಕ್ಷಕರ ಲೆಕ್ಕ ಹಿಡಿದರೂ 3.84 ಲಕ್ಷ. ನೀವು ಕಟ್ಟಿದ ನೂರು ರೂಪಾಯಿಯಲ್ಲಿ ಕಲಿಸುವವರಿಗೆ ಮುಟ್ಟಿದ್ದು ಇಪ್ಪತ್ತನಾಲ್ಕು.

ಉಳಿದದ್ದೆಲ್ಲ ಯಾರದೋ ಜೇಬಿಗೆ ಹೋಯಿತು ಎನ್ನಲಾರೆ. ಕಟ್ಟಡದ ಸಾಲ, ವಿದ್ಯುತ್ತು, ಕಚೇರಿ, ಬಸ್ಸು, ಮಾನ್ಯತೆ ನವೀಕರಣ, ಅಗ್ನಿಶಾಮಕದ ಪ್ರಮಾಣಪತ್ರ ಇವೆಲ್ಲ ನಿಜವಾದ ಖರ್ಚುಗಳೇ. ಸಣ್ಣ ಶಾಲೆಗಳು ಫೀಸು ಬಾಕಿಯಲ್ಲಿ ತತ್ತರಿಸುವುದೂ ನಿಜ. ಆದರೆ ಗೇಟಿಗೆ ಗ್ರಾನೈಟ್ ಹಾಕಿಸಿದ ವರ್ಷವೇ ಶಿಕ್ಷಕರಿಗೆ ಸಂಬಳ ಏರಿಸಲು ದುಡ್ಡಿಲ್ಲ ಎನ್ನುವ ಶಾಲೆಗಳನ್ನೂ ಈ ಊರಿನಲ್ಲಿ ನೋಡಿದ್ದೇನೆ. ಪಾಲಕರು ಶಾಲೆ ಆರಿಸುವಾಗ ಗೇಟನ್ನು ನೋಡುತ್ತೇವೆ, ಬಸ್ಸಿನ ಬಣ್ಣ ನೋಡುತ್ತೇವೆ, ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟುಹೋದರು ಎಂದು ಕೇಳುವುದಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ನೀವು ಎರಡೇ ಪ್ರಶ್ನೆ ಕೇಳಿ: ಇಲ್ಲಿ ಶಿಕ್ಷಕರಿಗೆ ಪಿಎಫ್ ಕಟ್ಟುತ್ತೀರಾ, ಮೂರು ವರ್ಷದಿಂದ ಉಳಿದುಕೊಂಡ ಶಿಕ್ಷಕರು ಎಷ್ಟು ಮಂದಿ? ಟೀಚರಿನ ಹೆಸರು ಮಾತ್ರ ಎತ್ತಬೇಡಿ, ಅವರಿಗೆ ತೊಂದರೆಯಾದೀತು.

ಬ್ಯಾಂಕಿನಿಂದ ನಿವೃತ್ತನಾದವನು. ಸರ್ಕಾರಿ ಶಿಕ್ಷಕರು ಲಕ್ಷದ ಹತ್ತಿರ ಸಂಬಳ ಎಣಿಸುತ್ತಾರೆ, ದಸರಾ ರಜೆ, ಬೇಸಿಗೆ ರಜೆ. ಐದನೇ ಕ್ಲಾಸಿನ ಹುಡುಗನಿಗೆ ಎರಡನೇ ಕ್ಲಾಸಿನ ಪುಸ್ತಕ ಓದಲು ಬರುವುದಿಲ್ಲ. ಇವರಿಗೆ ಸಂಬಳ ಸಾಲದು ಎಂದು ಅಳುವುದು ಯಾಕೆ?
– ಹಿರಿಯ ಓದುಗರು, ಮರೋಳಿ

ಹಿರಿಯರೇ, ಕಾಯಂ ಶಿಕ್ಷಕರ ಸಂಬಳ ಕಡಿಮೆ ಎಂದು ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷ ಸೇವೆಯಾದ ಪ್ರೌಢಶಾಲಾ ಶಿಕ್ಷಕರ ಮನೆ ಚೆನ್ನಾಗಿಯೇ ನಡೆಯುತ್ತದೆ, ನಡೆಯಬೇಕು ಕೂಡ. ನಮ್ಮ ಕಡೆಯ ಮುದ್ದಣ ಕವಿ ಉಡುಪಿಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದವನು, ಬಡತನದಲ್ಲಿ ಕ್ಷಯ ಹಿಡಿದು 1901ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತರ ಆಸುಪಾಸಿನ ವಯಸ್ಸು. ಬಡ ಮೇಷ್ಟ್ರ ಆ ಕಾಲ ಹೋದದ್ದಕ್ಕೆ ನಾವು ಕೊರಗಬಾರದು. ಸಂಬಳ ನ್ಯಾಯವಾಗಿದ್ದರೆ ಕೆಲಸ ಕೇಳುವ ಹಕ್ಕು ನಮಗಿದೆ. ಓದಲು ಬಾರದ ಹುಡುಗನ ಬಗ್ಗೆ ನಿಮ್ಮ ಸಿಟ್ಟು ನನ್ನದೂ ಹೌದು.

ಆದರೆ ಆ ಕೆಲಸದ ದಿನ ಹೇಗೆ ಕಳೆಯುತ್ತದೆ ಎಂದೂ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ ವಾರಕ್ಕೆ 45 ಗಂಟೆ ಎಂದು ಬರೆದಿದೆ, ಪಾಠದ ತಯಾರಿಯೂ ಸೇರಿ. ಅದರಲ್ಲಿ ಹಾಲು ಕಾಯಿಸಿದ ಲೆಕ್ಕ, ಮೊಟ್ಟೆಯ ಲೆಕ್ಕ, ಬಿಸಿಯೂಟದ ಅಕ್ಕಿಯ ಲೆಕ್ಕ, ವಿದ್ಯಾರ್ಥಿಗಳ ವಿವರದ ಜಾಲತಾಣ ಎಸ್‌ಎಟಿಎಸ್‌ಗೆ ಮಾಹಿತಿ ತುಂಬುವುದು, ಆಧಾರ್ ಹೊಂದಿಕೆ, ಮತದಾರರ ಪಟ್ಟಿ ಎಲ್ಲ ನುಗ್ಗುತ್ತವೆ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದರೆ ಇನ್ನೊಬ್ಬರು ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಅದೇ ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವು ಮೂರಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಈ ಮೂರರಲ್ಲಿ ಯಾವುದೂ ಅಲ್ಲ, ರಾಜ್ಯ ಹಿಂದುಳಿದ ವರ್ಗಗಳ ಆಯೋಗದ್ದು. ಆದರೂ ಮನೆ ಮನೆ ಸುತ್ತಿದವರು ಶಿಕ್ಷಕರೇ, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಆ ಕೆಲಸಕ್ಕೆ ಗೌರವಧನ ಕೊಟ್ಟರು, ಸರಿ. ಮಕ್ಕಳು ಕಳೆದುಕೊಂಡ ಪಾಠದ ದಿನಗಳನ್ನು ಕೊಟ್ಟವರು ಯಾರು?

2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ನಿಮ್ಮ ಕಾಲದಂಥ ಖಚಿತ ಪಿಂಚಣಿಯೂ ಇಲ್ಲ, ಎನ್‌ಪಿಎಸ್ ಇದೆ. ಅವರ ಚಳವಳಿ ಹೆಚ್ಚಾಗಿ ಅದರ ಬಗ್ಗೆ. ತಿಂಗಳ ಸಂಬಳದ ಬಗ್ಗೆ ಅಲ್ಲ.

ಮಗಳು ಪದವಿ ಮುಗಿಸಿದ್ದಾಳೆ. ಬಿ.ಎಡ್. ಮಾಡಿಸಬಹುದಾ? ಸಂಬಳ ಸಿಗುವ ಕೆಲಸವಾ?
– ತಾಯಿ, ಕಣ್ಣೂರು

ಕಲಿಸುವ ಆಸೆ ಅವಳಿಗೇ ಇದ್ದರೆ ಮಾಡಿಸಿ. ‘ಹೆಣ್ಣುಮಕ್ಕಳಿಗೆ ಒಳ್ಳೆ ಕೆಲಸ’ ಎಂಬ ಕಾರಣಕ್ಕೆ ಬೇಡ. ಈ ಮಾತೇ ಖಾಸಗಿ ಶಾಲೆಗಳ ಸಂಬಳವನ್ನು ತಗ್ಗಿಸಿ ಇಟ್ಟಿದೆ. ಒಂದರಿಂದ ಐದನೇ ತರಗತಿಗೆ ಬಿ.ಎಡ್. ಅರ್ಹತೆಯಾಗದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ, ಅದಕ್ಕೆ ಡಿ.ಎಲ್.ಎಡ್. ಬೇಕು. ಒಂದರಿಂದ ಎಂಟನೇ ತರಗತಿಗೆ ಟಿಇಟಿ ಕಡ್ಡಾಯ. ರಾಜ್ಯದಲ್ಲಿ ದೊಡ್ಡ ನೇಮಕಾತಿ ಕೊನೆಗೆ ನಡೆದದ್ದು 2022ರಲ್ಲಿ, ಆರರಿಂದ ಎಂಟಕ್ಕೆ 15,000 ಹುದ್ದೆಗಳಿಗೆ ಕರೆದಾಗ. ಅಂಥದ್ದು ಪ್ರತಿ ವರ್ಷ ಬರುವುದಿಲ್ಲ. ನಡುವಿನ ವರ್ಷಗಳನ್ನು ಖಾಸಗಿ ಶಾಲೆಯ ಸಂಬಳದಲ್ಲಿ ಕಳೆಯಬೇಕಾದೀತು ಎಂದು ತಿಳಿದುಕೊಂಡೇ ಹೊರಡಲಿ.

ಸಂಬಳ ಸಾಲದೆ ಸಂಜೆ ಮನೆಯಲ್ಲಿ ಟ್ಯೂಷನ್ ಮಾಡುತ್ತೇನೆ. ತಪ್ಪಾ?
– ಶಿಕ್ಷಕರು, ನಾಗುರಿ

ಕಾಯ್ದೆಯ ಪ್ರಕಾರ ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಯಾವ ಶಿಕ್ಷಕರೂ ಖಾಸಗಿ ಪಾಠ ಹೇಳಬಾರದು ಎನ್ನುತ್ತದೆ. 50,000 ಪಡೆಯುವವರಿಗೂ 12,000 ಪಡೆಯುವವರಿಗೂ ಒಂದೇ ನಿಯಮ. ನಿಮ್ಮ ತರಗತಿಯ ಮಕ್ಕಳನ್ನೇ ಟ್ಯೂಷನ್ನಿಗೆ ಕರೆಯುತ್ತಿದ್ದರೆ ಇಂದೇ ನಿಲ್ಲಿಸಿ, ಅದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೇಳುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗೆ ಶಿಕ್ಷಕರು ಸಾಲದೆ ಹಳೆ ವಿದ್ಯಾರ್ಥಿಗಳು, ಎಸ್‌ಡಿಎಂಸಿಯವರು ದುಡ್ಡು ಒಟ್ಟು ಮಾಡಿ ಇಬ್ಬರು ಗೌರವ ಶಿಕ್ಷಕಿಯರನ್ನು ಇಟ್ಟಿದ್ದೇವೆ. ತಿಂಗಳಿಗೆ 7,000 ಕೊಡುವುದೇ ಕಷ್ಟ. ‘ನೀವೇ ಕಡಿಮೆ ಕೊಟ್ಟು ಶೋಷಣೆ ಮಾಡುತ್ತಿದ್ದೀರಿ’ ಎಂದು ಒಬ್ಬರು ಹೇಳಿದರು. ಬೇಸರವಾಯಿತು.
– ಎಸ್‌ಡಿಎಂಸಿ ಸದಸ್ಯರು, ಅಳಪೆ ಕಡೆಯವರು

ಬೇಸರ ಮಾಡಬೇಡಿ. ಈ ಜಿಲ್ಲೆಯಲ್ಲಿ ಸರ್ಕಾರಕ್ಕಿಂತ ಮೊದಲು ಶಾಲೆ ಕಟ್ಟಿದವರು ಊರವರೇ. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಮಂಗಳೂರಿನಲ್ಲಿ ಶಾಲೆ ತೆರೆದದ್ದು 1892ರಲ್ಲಿ. ಕಿತ್ತಳೆ ಮಾರಿದ ದುಡ್ಡಿನಲ್ಲಿ ಹರೇಕಳ ಹಾಜಬ್ಬರು ಶಾಲೆ ಎಬ್ಬಿಸಿದ್ದು ನಮ್ಮ ಕಣ್ಣೆದುರೇ. ನಿಮ್ಮ ಕೆಲಸವೂ ಆ ಸಾಲಿನದ್ದೇ.

ಆದರೆ ಆ ಟೀಕೆಯಲ್ಲಿ ಒಂದು ಎಳೆ ಸತ್ಯ ಇದೆ. ನೀವು ಸದ್ದಿಲ್ಲದೆ ತುಂಬಿದ ಜಾಗ ಸರ್ಕಾರದ ಲೆಕ್ಕದಲ್ಲಿ ಖಾಲಿ ಎಂದು ಕಾಣುವುದೇ ಇಲ್ಲ. ಮಕ್ಕಳು ಪಾಸಾಗುತ್ತಿದ್ದಾರೆ, ದೂರು ಬಂದಿಲ್ಲ ಎಂದ ಮೇಲೆ ಹುದ್ದೆ ಕೊಡುವ ಅವಸರ ಯಾರಿಗೆ? ಕಲಿಸುವವರು ಸರ್ಕಾರದ, ಸ್ಥಳೀಯ ಸಂಸ್ಥೆಯ, ಖಾಸಗಿಯವರ ಯಾರ ಆಡಳಿತದಲ್ಲಿದ್ದರೂ ಒಂದೇ ದರ್ಜೆಯ ಕೆಲಸಕ್ಕೆ ಒಂದೇ ವೇತನಶ್ರೇಣಿ ಇರಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಬರೆಯಿತು. ಇಂದು ನಿಮ್ಮ ಶಾಲೆಯ ಒಂದೇ ಜಗಲಿಯಲ್ಲಿ ಕಾಯಂ, ಅತಿಥಿ, ಗೌರವ ಎಂದು ಮೂರು ದರ; ರಸ್ತೆಯಾಚೆಯ ಖಾಸಗಿ ಶಾಲೆಯದು ನಾಲ್ಕನೆಯದು.

ಹಾಗಾಗಿ ಒಂದು ಕೆಲಸ ಮಾಡಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಐದನೇ ತರಗತಿವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು, 200ರವರೆಗೆ ಐವರು ಇರಬೇಕು. ಆರರಿಂದ ಎಂಟಕ್ಕೆ 35 ಮಕ್ಕಳಿಗೊಬ್ಬರು. ನಿಮ್ಮ ಶಾಲೆಯ ದಾಖಲಾತಿ ಎಷ್ಟು, ಇರಬೇಕಾದವರು ಎಷ್ಟು, ಇರುವ ಕಾಯಂ ಶಿಕ್ಷಕರು ಎಷ್ಟು, ಊರವರು ಸಂಬಳ ಕೊಡುವವರು ಎಷ್ಟು ಎಂದು ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆಯಿರಿ. ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ಉಪನಿರ್ದೇಶಕರಿಗೂ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಆ ಇಬ್ಬರು ಶಿಕ್ಷಕಿಯರ ಸಂಬಳವನ್ನು ಕೈಯಲ್ಲಿ ಕೊಡದೆ ಬ್ಯಾಂಕಿಗೆ ಹಾಕಿ, ವರ್ಷದ ಕೊನೆಗೆ ಸೇವಾ ಪ್ರಮಾಣಪತ್ರವನ್ನೂ ಕೊಡಿ.